ಆಪ್ತಸಮಾಲೋಚಕರನ್ನು ಕೇಳಿ: ಫೋನ್ ಟಿಣ್ ಅಂದರೆ ಎದೆ ಢವಢವ

ಪ್ರಶ್ನೆ (ಶಿಕ್ಷಕಿ, ಹಾವೇರಿ ಜಿಲ್ಲೆ): ಮೇಡಂ, ನಮ್ಮದು ಒಂದರಿಂದ ಐದನೇ ತರಗತಿವರೆಗಿನ ಸರ್ಕಾರಿ ಶಾಲೆ. ಮಕ್ಕಳು 41, ಶಿಕ್ಷಕರು ಇಬ್ಬರೇ. ಮುಖ್ಯಶಿಕ್ಷಕಿಯ ಚಾರ್ಜೂ ನನ್ನದೇ. ಹಾಲು, ಬಿಸಿಯೂಟ, ಮೊಟ್ಟೆ ಲೆಕ್ಕ, ನಡುವೆ ಸ್ಯಾಟ್ಸ್ (ಮಕ್ಕಳ ಮಾಹಿತಿ ತುಂಬುವ ಆನ್‌ಲೈನ್ ವ್ಯವಸ್ಥೆ) ಎಂಟ್ರಿ. ರಾತ್ರಿ ಒಂಬತ್ತಕ್ಕೆ ಇಲಾಖೆಯ ಗ್ರೂಪಿನಲ್ಲಿ ‘ತುರ್ತು, ಈಗಲೇ ಮಾಹಿತಿ ಕಳಿಸಿ’ ಅಂತ ಮೆಸೇಜ್. ಈಗೀಗ ಫೋನ್ ಟಿಣ್ ಅಂದರೂ ಎದೆ ಢವಢವ ಅನ್ನುತ್ತೆ. ಮೊನ್ನೆ ನಲಿಕಲಿ (ಚಿಕ್ಕ ತರಗತಿಗಳ) ಮಗುವೊಂದರ ಮೇಲೆ ಸುಮ್ನೆ ರೇಗಿಬಿಟ್ಟೆ. ಅದು ಸ್ಲೇಟನ್ನು ಎದೆಗೆ ಅವಚಿಕೊಂಡು ನಿಂತಿತ್ತು. ಮನೆಗೆ ಬಂದು ಅತ್ತುಬಿಟ್ಟೆ. ಎಲ್ಲರೂ ಧ್ಯಾನ ಮಾಡಿ ಅಂತಾರೆ. ಮಾಡಿದೆ, ಸಾಲಲ್ಲ.

ಉತ್ತರ: ಟೀಚರ್, ಮೊದಲು ಒಬ್ಬ ವೈದ್ಯರಿಗೆ ತೋರಿಸಿ. ಎದೆಬಡಿತದ ವಿಷಯ ಮುಂದೂಡಬೇಡಿ. ರಾತ್ರಿ ಮನಸ್ಸು ತಡೆಯದಾದರೆ 14416ಕ್ಕೆ ಕರೆ ಮಾಡಿ. ಅದು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್. ಹಗಲೂ ರಾತ್ರಿ ಇರುತ್ತೆ, ಕನ್ನಡದಲ್ಲೇ ಮಾತಾಡ್ತಾರೆ, ದುಡ್ಡಿಲ್ಲ.

ಆದರೆ ಧ್ಯಾನ ಸಾಲಲ್ಲ ಅಂದಿರಲ್ಲ, ಅದು ನಿಜ. ನಿಮ್ಮ ಮನಸ್ಸು ಸೋತಿಲ್ಲ, ಹೊರೆ ಜಾಸ್ತಿಯಾಗಿದೆ. ಹೊರೆ ಇಳಿಯಬೇಕಾದರೆ ನಿಯಮ ಬದಲಾಗಬೇಕು.

2009ರ ಶಿಕ್ಷಣ ಹಕ್ಕು ಕಾಯ್ದೆಯ 27ನೇ ಸೆಕ್ಷನ್ ಓದಿ. ಶಿಕ್ಷಕರನ್ನು ಶಿಕ್ಷಣೇತರ ಕೆಲಸಕ್ಕೆ ಹಾಕುವುದಾದರೆ ಮೂರಕ್ಕೆ ಮಾತ್ರ: ಹತ್ತು ವರ್ಷಕ್ಕೊಮ್ಮೆ ಬರುವ ಜನಗಣತಿ, ವಿಪತ್ತು ಪರಿಹಾರ, ಚುನಾವಣೆ. ಮತದಾರರ ಪಟ್ಟಿ, ಚುನಾವಣೆ ಕೆಲಸವೂ ರಜಾದಿನ ಮತ್ತು ಪಾಠವಿಲ್ಲದ ವೇಳೆಯಲ್ಲೇ ಆಗಬೇಕು ಎಂದು ಸುಪ್ರೀಂ ಕೋರ್ಟ್ 2007ರಲ್ಲೇ ಹೇಳಿದೆ.

ಮೊಟ್ಟೆ ಲೆಕ್ಕ, ಸ್ಯಾಟ್ಸ್ ಶಾಲೆಯದೇ ಕೆಲಸ ಅಂತ ಇಲಾಖೆ ವಾದಿಸಬಹುದು. ಅಲ್ಲಿ 27ನೇ ಸೆಕ್ಷನ್ ಹಿಡಿದು ಜಗ್ಗಿದರೆ ನಿಮ್ಮ ವಾದ ನಿಲ್ಲಲ್ಲ. ಅದಕ್ಕೆ ಬೇರೆ ಬೇಡಿಕೆ ಇಡಿ: ಕ್ಲಸ್ಟರಿಗೊಬ್ಬ (ಸುತ್ತಲಿನ ಕೆಲವು ಶಾಲೆಗಳ ಗುಂಪಿಗೊಬ್ಬ) ಗುಮಾಸ್ತರನ್ನು ಕೊಡಿ, ಸಂಜೆ ಆರರ ಮೇಲೆ ಮಾಹಿತಿ ಕೇಳಬೇಡಿ. ಇದಕ್ಕೊಂದು ಸುತ್ತೋಲೆ ಹೊರಡಿಸಿ ಅಂತ ಕೇಳಿ.

ಬರೀ ‘ಒತ್ತಡ’ ಅಂದರೆ ಯಾರೂ ಕೇಳಲ್ಲ. ಇಂದಿನಿಂದ ಒಂದು ನೋಟ್‌ಬುಕ್ ಇಡಿ. ಪಾಠ ಬಿಟ್ಟು ಮಾಡಿದ ಕೆಲಸ, ಹಿಡಿದ ನಿಮಿಷ, ಆಗ ತಪ್ಪಿದ ಪಾಠ ಯಾವುದು, ಇಷ್ಟೇ ಬರೆಯಿರಿ. ಇಲಾಖೆಗೆ ಕೊಡುವ ಮನವಿಗೆ ಇದೇ ಆಧಾರ.

ಇದನ್ನು ಓದಿದ ಇನ್ನೊಬ್ಬ ಶಿಕ್ಷಕರು: ಮನವಿ ಕೊಟ್ಟರೆ ನೋಟಿಸ್ ಬರಲ್ವಾ ಮೇಡಂ?

ಉತ್ತರ: ಸರ್, ಆ ಭಯ ನನಗೆ ಅರ್ಥವಾಗುತ್ತೆ. ಸಾಮಾಜಿಕ ಜಾಲತಾಣದಲ್ಲಿ ಸರ್ಕಾರವನ್ನು ಟೀಕಿಸಿ ಬರೆದರೆ ಸರ್ಕಾರಿ ನೌಕರರ ನಡತೆ ನಿಯಮ ಅಡ್ಡ ಬರುತ್ತೆ. ನಿಮ್ಮ ಕಷ್ಟವನ್ನು ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಮುಖಾಂತರ ಬರಹದಲ್ಲಿ ತಿಳಿಸುವುದು ಬೇರೆ. ಒಬ್ಬರೇ ಹೋಗಬೇಡಿ. ಇಡೀ ಕ್ಲಸ್ಟರಿನವರು ಸಹಿ ಹಾಕಿ, ಸಂಘದ ಲೆಟರ್‌ಹೆಡ್‌ನಲ್ಲಿ ಕೊಟ್ಟು, ಸ್ವೀಕೃತಿ ತಗೊಳ್ಳಿ.

ಇನ್ನೊಂದು ಮಾತು. ವಿಧಾನ ಪರಿಷತ್ತಿನ 75 ಸ್ಥಾನಗಳಲ್ಲಿ 7 ಶಿಕ್ಷಕರ ಕ್ಷೇತ್ರದವು. ಅಲ್ಲಿ ಮತ ಹಾಕುವವರು ಪ್ರೌಢಶಾಲೆ ಮತ್ತು ಮೇಲಿನವರು, ಪ್ರಾಥಮಿಕ ಶಾಲೆಯವರಿಗೆ ಮತವಿಲ್ಲ. ನನಗೆ ಇದು ತುಂಬಾ ನೋವಿನ ಸಂಗತಿ. ಹಾಗಾಗಿ ಪಕ್ಕದ ಹೈಸ್ಕೂಲಿನವರನ್ನೂ ಜೊತೆಗೆ ಸೇರಿಸಿಕೊಳ್ಳಿ. ಅವರು ಕೇಳಿದರೆ ಶಿಕ್ಷಕರ ಕ್ಷೇತ್ರದ ಪರಿಷತ್ ಸದಸ್ಯರು ಸದನದಲ್ಲಿ ಪ್ರಶ್ನೆ ಎತ್ತಬಹುದು.

ಪ್ರಶ್ನೆ ಕೇಳಿದವರು: ಮೇಡಂ, ನಿನ್ನೆಯಿಂದ ಬರೆಯಲು ಶುರು ಮಾಡಿದೆ. ಒಂದೇ ದಿನಕ್ಕೆ 110 ನಿಮಿಷ. ಮೂರನೇ ತರಗತಿಯ ಭಾಗಾಕಾರ ಉಳಿದುಹೋಯಿತು. ಪಕ್ಕದೂರಿನ ಟೀಚರೂ ಬರೀತೀನಿ ಅಂದ್ರು.

ಉತ್ತರ: ಇಬ್ಬರದೂ ಒಂದು ತಿಂಗಳದ್ದು ಸೇರಿಸಿ ಇಡಿ, ಮನವಿಯ ಕರಡು ನಾನೂ ನೋಡಿಕೊಡ್ತೀನಿ. ಡಾಕ್ಟರ ಹತ್ರ ಯಾವತ್ತು ಹೋಗ್ತೀರಿ, ಅದನ್ನೂ ಇಲ್ಲೇ ಹೇಳಿ.