ಮಂಡಿನೋವಿನ ಅತ್ತೆ, ಜನವರಿ ಚಳಿ: ಹಿಮಾಚಲದಲ್ಲಿ ಬಿಸಿನೀರಿನ ಕುಂಡಕ್ಕೆ ಯಾವ ಊರು ಒಳ್ಳೆಯದು?

ಬೆಣ್ಣೆದೋಸೆ ದಾವಣಗೆರೆ:
ಎಲ್ಲರಿಗೂ ನಮಸ್ಕಾರ. ಜನವರಿ ಎರಡನೇ ವಾರ ಹಿಮಾಚಲಕ್ಕೆ ಹೊರಟಿದ್ದೇವೆ. ನಾನು, ನಮ್ಮನೆಯವರು, ಒಂಬತ್ತನೇ ಕ್ಲಾಸಿನ ಮಗ, ಜೊತೆಗೆ ಅತ್ತೆ. ಅತ್ತೆಗೆ 68 ವರ್ಷ. ಮಂಡಿನೋವಿದೆ, ಬಿಪಿ ಮಾತ್ರೆ ನಡೆಯುತ್ತಿದೆ. ಮಗನಿಗೆ ಹಿಮ ಬೇಕು. ಅತ್ತೆಗೆ ಬಿಸಿನೀರಿನ ಕುಂಡ ಬೇಕು. ಮಣಿಕರಣದಲ್ಲಿ ಮಿಂದರೆ ಮಂಡಿನೋವು ಮಾಯ ಅಂತ ಭಜನಾ ಮಂಡಳಿಯವರು ತಲೆಗೆ ತುಂಬಿಬಿಟ್ಟಿದ್ದಾರೆ. ಮನಾಲಿಯ ಒಂದು ರೆಸಾರ್ಟಿನವರು ‘ನ್ಯಾಚುರಲ್ ಹಾಟ್ ಸ್ಪ್ರಿಂಗ್ ಪೂಲ್’ ಅಂತ ಚಂದದ ಫೋಟೋ ಕಳಿಸಿದ್ದಾರೆ, ರೇಟು ನೋಡಿದರೆ ನಮಗೇ ಬಿಪಿ ಬರುತ್ತದೆ. ವಶಿಷ್ಠ, ಮಣಿಕರಣ, ಖೀರ್‌ಗಂಗಾ, ತತ್ತಾಪಾನಿ ಅಂತ ಹೆಸರು ಕೇಳಿದ್ದೇನೆ. ಹೋಗಿಬಂದವರು ದಯವಿಟ್ಟು ಹೇಳಿ.

ಬೆಟ್ಟ ಹತ್ತೋ ಹುಡುಗ:
ಖೀರ್‌ಗಂಗಾ ಬಿಟ್ಟು ಬೇರೆಲ್ಲೂ ಹೋಗಬೇಡಿ. ಸುತ್ತ ಹಿಮ, ನಡುವೆ ಹಬೆಯಾಡುವ ಕುಂಡ. ಸ್ವರ್ಗ!

ಹಳೇ ಕ್ಯಾಷಿಯರ್:
ತಮ್ಮಾ, 68ರ ಮಂಡಿಗೆ ಖೀರ್‌ಗಂಗಾ ಹೇಳುತ್ತಿದ್ದೀಯಲ್ಲ! ಬರ್ಶೈಣಿಯಿಂದ ಹತ್ತು-ಹನ್ನೆರಡು ಕಿಲೋಮೀಟರ್ ಕಾಡುದಾರಿ ಹತ್ತಬೇಕು. ಎತ್ತರ 2,900 ಮೀಟರ್ ದಾಟುತ್ತದೆ. ಜನವರಿಯಲ್ಲಿ ಆ ದಾರಿ ಹಿಮದಲ್ಲಿ ಹೂತಿರುತ್ತದೆ. ನೀನು ಹೋಗಪ್ಪ, ಅವರು ಬೇಡ.

ಮೇಡಂ, ನಾನು ಬ್ಯಾಂಕ್ ಕೆಲಸದಲ್ಲಿ ಮೊದಲು ಕುಲ್ಲು, ಆಮೇಲೆ ಶಿಮ್ಲಾದಲ್ಲಿ ಇದ್ದವನು. ಊರಿಂದ ಬಂದ ನೆಂಟರನ್ನೆಲ್ಲ ಈ ಕುಂಡಗಳಿಗೆ ಕರೆದುಕೊಂಡು ಹೋಗುವುದೇ ನನ್ನ ಭಾನುವಾರದ ಡ್ಯೂಟಿ ಆಗಿತ್ತು. ನನ್ನ ಮಾತು ಕೇಳುವುದಾದರೆ ಮನಾಲಿ ಬಿಡಿ. ಶಿಮ್ಲಾದಲ್ಲಿ ಉಳಿದುಕೊಂಡು ತತ್ತಾಪಾನಿಗೆ ಹೋಗಿ.

ಕಾರಣ ಹೇಳುತ್ತೇನೆ. ಹಿಮದ ನಡುವೆ ಬಿಸಿನೀರು ಅನ್ನೋದು ಫೋಟೋದಲ್ಲಿ ಚಂದ. ನೀರೊಳಗೆ ಸ್ವಲ್ಪ ಹೊತ್ತು ಕೂತರೆ ಹಾಯೆನಿಸುತ್ತದೆ, ಆದರೆ ವಯಸ್ಸಾದವರು ಅಲ್ಲೂ ಹುಷಾರಾಗಿರಬೇಕು. ಎದ್ದು ಹೊರಗೆ ಬಂದ ಮೇಲೆ ಇನ್ನೂ ಕಷ್ಟ. ಮೈ ಒದ್ದೆ, ಕಲ್ಲಿನ ನೆಲ ಜಾರುತ್ತದೆ, ಬಟ್ಟೆ ಬದಲಿಸುವ ಜಾಗಕ್ಕೆ ಬಾಗಿಲಿದ್ದರೆ ಪುಣ್ಯ. ವಶಿಷ್ಠದಲ್ಲಿ ಇದೇ ಕಥೆ. ಮನಾಲಿಯಿಂದ ಮೂರೇ ಕಿಲೋಮೀಟರ್, ದೇವಸ್ಥಾನದ ಪಕ್ಕ ಗಂಡಸರಿಗೂ ಹೆಂಗಸರಿಗೂ ಬೇರೆ ಬೇರೆ ಕುಂಡ, ದುಡ್ಡಿಲ್ಲ, ನೀರಂತೂ ಬಹಳ ಚೆನ್ನಾಗಿದೆ. ಆದರೆ ಮೇಲೆ ಸೂರಿಲ್ಲ, ಮೆಟ್ಟಿಲು ಒದ್ದೆ.

ಮಣಿಕರಣಕ್ಕೆ ಹೋಗಲೇಬೇಕು ಅಂದರೆ ಹೋಗಿ, ಆದರೆ ಸ್ನಾನಕ್ಕಿಂತ ನೋಡುವುದಕ್ಕೆ. ಅಲ್ಲಿ ನೀರು ಬುಗ್ಗೆಯಿಂದ ಬರುವಾಗಲೇ ಕುದಿಯುತ್ತಿರುತ್ತದೆ, 90 ಡಿಗ್ರಿಗೂ ಮೇಲೆ. ಗುರುದ್ವಾರದ ಲಂಗರಿಗೆ, ಅಂದರೆ ಎಲ್ಲರಿಗೂ ಹಾಕುವ ಪುಕ್ಕಟೆ ಊಟಕ್ಕೆ, ಅನ್ನ ಅದರಲ್ಲೇ ಬೇಯುತ್ತದೆ. ನೀವೂ ಅಕ್ಕಿಯನ್ನೋ ಕಡಲೆಯನ್ನೋ ಬಟ್ಟೆಯಲ್ಲಿ ಗಂಟು ಕಟ್ಟಿ ಇಳಿಬಿಡಬಹುದು. ನಿಮ್ಮ ಮಗ ಅಲ್ಲಿಂದ ಕದಲುವುದಿಲ್ಲ ನೋಡಿ! ತಣ್ಣೀರು ಬೆರೆಸಿದ ಮೇಲೆಯೇ ಅದು ಸ್ನಾನಕ್ಕೆ ಬರುವುದು. ಊರು ಇಕ್ಕಟ್ಟಾದ ಕಣಿವೆಯಲ್ಲಿದೆ. ಚಳಿಗಾಲದಲ್ಲಿ ಬಿಸಿಲು ಬರುವುದೇ ತಡ, ಹೋಗುವುದು ಬೇಗ. ಜನಜಂಗುಳಿ ಬೇರೆ.

ತತ್ತಾಪಾನಿ ಇರುವುದು ಸಟ್ಲೆಜ್ ದಂಡೆಯಲ್ಲಿ, ಶಿಮ್ಲಾದಿಂದ ಸುಮಾರು 50 ಕಿಲೋಮೀಟರ್. ಶಿಮ್ಲಾ 2,200 ಮೀಟರ್ ಎತ್ತರ, ತತ್ತಾಪಾನಿ 700 ಮೀಟರಿಗಿಂತ ಕೆಳಗೆ. ಅಲ್ಲಿ ಮಧ್ಯಾಹ್ನ ಸ್ವೆಟರ್ ಬಿಚ್ಚುವಷ್ಟು ಬಿಸಿಲಿರುತ್ತದೆ. ಹಳೆಯ ಬುಗ್ಗೆಗಳು ನದಿಯ ದಂಡೆಯಲ್ಲೇ ಇದ್ದವು. ಕೋಲ್ ಡ್ಯಾಂ ಕಟ್ಟಿದ ಮೇಲೆ ಹಿನ್ನೀರಲ್ಲಿ ಮುಳುಗಿಹೋದವು. ಈಗ ಬೋರ್ ಕೊರೆದು ಅದೇ ಗಂಧಕದ ನೀರನ್ನು ಮೇಲೆತ್ತಿ ಸ್ನಾನದ ಮನೆಗಳಿಗೆ, ಹೋಟೆಲುಗಳಿಗೆ ಬಿಡುತ್ತಾರೆ. ಹಳೆಯದನ್ನು ನೋಡಿದವರಿಗೆ ಬೇಜಾರಾಗುತ್ತದೆ, ನಿಜ. ನಿಮ್ಮ ಅತ್ತೆಗೆ ಮಾತ್ರ ಇದೇ ಅನುಕೂಲ. ಬಾಗಿಲು ಹಾಕಿಕೊಂಡು ತೊಟ್ಟಿಯಲ್ಲಿ ಕೂರಬಹುದು.

ಮಗನ ಹಿಮಕ್ಕೆ ಕುಫ್ರಿ ಇದೆ, ಶಿಮ್ಲಾದಿಂದ ಅರ್ಧ-ಮುಕ್ಕಾಲು ಗಂಟೆ. ಮಂಡಿನೋವು ಮಾಯವಾಗುತ್ತದೆ ಅಂತ ಮಾತ್ರ ಅತ್ತೆಗೆ ಹೇಳಬೇಡಿ. ಒಂದೆರಡು ದಿನ ಹಾಯೆನಿಸುತ್ತದೆ, ಅಷ್ಟೇ.

ಬೆಣ್ಣೆದೋಸೆ ದಾವಣಗೆರೆ:
ಸರ್, ತುಂಬಾ ಥ್ಯಾಂಕ್ಸ್. ಹಾಗಾದರೆ ಆ ರೆಸಾರ್ಟಿನ ಪೂಲ್? ಮತ್ತೆ ಹೆಂಗಸರ ಕುಂಡದಲ್ಲಿ ಏನು ಬಟ್ಟೆ ಹಾಕಿಕೊಳ್ಳುತ್ತಾರೆ? ಅತ್ತೆ ಸೀರೆ ಬಿಟ್ಟು ಬೇರೆ ಉಟ್ಟವರಲ್ಲ.

ಧಾರವಾಡದ ಅಕ್ಕ:
ತಂಗಿ, ಬಟ್ಟೆ ವಿಷಯ ನಾನು ಹೇಳುತ್ತೇನೆ. ವಶಿಷ್ಠದ ಕುಂಡಕ್ಕೆ ಎತ್ತರದ ಗೋಡೆ ಇದೆ, ಒಳಗೆ ಬರೀ ಹೆಂಗಸರು. ಹಳೇ ಕಾಟನ್ ನೈಟಿ ತೆಗೆದುಕೊಂಡು ಹೋಗಿರಿ. ಸೀರೆ ಉಟ್ಟು ಇಳಿದರೆ ಒದ್ದೆ ಸೀರೆಯ ಭಾರಕ್ಕೇ ಅತ್ತೆಗೆ ಏಳಲಿಕ್ಕೆ ಆಗುವುದಿಲ್ಲ. ಕುಂಡದೊಳಗೆ ಸೋಪು ಹಚ್ಚಬೇಡಿ, ಅಲ್ಲಿನ ಅಜ್ಜಿಯರು ಸುಮ್ನೆ ಬಿಡುವುದಿಲ್ಲ! ಸೋಪಿಗೆ ಹೊರಗೆ ಬಿಸಿನೀರಿನ ಕೊಳವೆಗಳಿವೆ, ಊರವರು ಬಟ್ಟೆ ಒಗೆಯುವುದೂ ಅಲ್ಲೇ.

ಇನ್ನೊಂದು. ಬೆಳ್ಳಿ ಕಾಲುಂಗುರ, ಗೆಜ್ಜೆ ಎಲ್ಲ ರೂಮಿನಲ್ಲೇ ತೆಗೆದಿಡಿ. ಗಂಧಕದ ನೀರಿಗೆ ಬೆಳ್ಳಿ ಕಪ್ಪಾಗುತ್ತದೆ. ಕಾಲುಂಗುರ ತೆಗೆಯಲು ಅತ್ತೆ ಒಪ್ಪದಿದ್ದರೆ ಹಳೇ ಜೋಡಿ ಹಾಕಿಸಿ ಕರೆದುಕೊಂಡು ಹೋಗಿ.

ಹಳೇ ಕ್ಯಾಷಿಯರ್:
ಅಕ್ಕನವರು ಹೇಳಿದ್ದು ಸರಿ. ರೆಸಾರ್ಟಿನವರಿಗೆ ಒಂದೇ ಪ್ರಶ್ನೆ ಕೇಳಿ: ನೀರು ಬುಗ್ಗೆಯದ್ದಾ, ಬಾಯ್ಲರಿನದ್ದಾ? ವಾಟ್ಸಾಪಿನಲ್ಲಿ ಬರೆದು ಕಳಿಸಲು ಹೇಳಿ. ಬಾಯ್ಲರ್ ನೀರಿಗೆ ಅಷ್ಟು ದುಡ್ಡು ಸುರಿಯುವ ಬದಲು ಮನೆಯ ಹಂಡೆಯೇ ವಾಸಿ ಅಲ್ವಾ?

ಅತ್ತೆಯ ಬಿಪಿ ಬಗ್ಗೆ ಹೊರಡುವ ಮುಂಚೆ ಡಾಕ್ಟರನ್ನು ಕೇಳಿಕೊಳ್ಳಿ. ಬಿಸಿನೀರಲ್ಲಿ ಕೂತರೆ ರಕ್ತನಾಳ ಹಿಗ್ಗಿ ಬಿಪಿ ಇಳಿಯುತ್ತದೆ. ಮಾತ್ರೆಯೂ ಅದನ್ನೇ ಮಾಡುತ್ತಿರುತ್ತದೆ. ತಟಕ್ಕನೆ ಎದ್ದರೆ ಕಣ್ಣು ಕತ್ತಲೆ ಬರುವುದು ಅದಕ್ಕೇ. ಹತ್ತು ನಿಮಿಷ ಸಾಕು, ನೀರು ಸೊಂಟದವರೆಗೆ ಇರಲಿ. ಏಳುವಾಗ ನೀವು ಕೈ ಹಿಡಿದುಕೊಳ್ಳಿ. ಊಟ ಮಾಡಿದ ತಕ್ಷಣ ಬೇಡ. ಕುಡಿಯಲು ಒಂದು ಬಾಟಲಿ ನೀರು ಜೊತೆಗಿರಲಿ.

ಪುತ್ತೂರು ಮಲ್ಲಿಗೆ:
ಅಷ್ಟು ದೂರ ಯಾಕೆ ಅಂತ ಕೇಳುವುದಿಲ್ಲ, ಹಿಮ ನಮ್ಮಲ್ಲಿ ಸಿಗುವುದಿಲ್ಲವಲ್ಲ! ಆದರೆ ಪುತ್ತೂರು ತಾಲ್ಲೂಕಿನ ಇರ್ದೆಯಲ್ಲಿ ಬೆಂದ್ರ್ ತೀರ್ಥ ಅಂತ ಬಿಸಿನೀರಿನ ಬುಗ್ಗೆ ಇದೆ. ಕುದಿಯುವ ನೀರಲ್ಲ, ಉಗುರುಬೆಚ್ಚಗಿನದು. ಮಂಡಿಗೆ ಬಿಸಿನೀರು ಹಿಡಿಸುತ್ತದಾ ಅಂತ ಮೊದಲು ಇಲ್ಲೇ ನೋಡಬಹುದು.

ಬೆಣ್ಣೆದೋಸೆ ದಾವಣಗೆರೆ:
ಅಯ್ಯೋ, ಇದು ಗೊತ್ತೇ ಇರಲಿಲ್ಲ. ಕ್ಯಾಷಿಯರ್ ಸರ್, ಈಗ ನಮ್ಮನೆಯವರು ಪ್ಲ್ಯಾನ್ ಬದಲಿಸಿದ್ದಾರೆ. ಚಂಡೀಗಢದವರೆಗೆ ವಿಮಾನ, ಅಲ್ಲಿಂದ ಟ್ಯಾಕ್ಸಿ, ಶಿಮ್ಲಾದಲ್ಲಿ ರೂಮು. ಸಂಕ್ರಾಂತಿ ದಿನವೇ ತತ್ತಾಪಾನಿಗೆ ಹೋದರೆ ಪುಣ್ಯಸ್ನಾನವೂ ಆಯಿತು ಅಂತಾರೆ ಅತ್ತೆ.

ಹಳೇ ಕ್ಯಾಷಿಯರ್:
ಆ ಒಂದು ದಿನ ಮಾತ್ರ ಬೇಡ! ಸಂಕ್ರಾಂತಿಗೆ ಇಡೀ ಸೀಮೆಯೇ ಅಲ್ಲಿ ಸ್ನಾನಕ್ಕೆ ಇಳಿದಿರುತ್ತದೆ. ತುಲಾದಾನ ಕೊಡುವವರು, ಖಿಚಡಿ ಹಂಚುವವರು, ಗಾಡಿ ನಿಲ್ಲಿಸಲು ಜಾಗ ಇರುವುದಿಲ್ಲ. 2020ರ ಸಂಕ್ರಾಂತಿಗೆ ಒಂದೇ ಪಾತ್ರೆಯಲ್ಲಿ 1,995 ಕಿಲೋ ಖಿಚಡಿ ಮಾಡಿ ಗಿನ್ನೆಸ್ ದಾಖಲೆ ಮಾಡಿದ ಊರು ಅದು. ನೋಡಲು ಮಜಾ, ಮಂಡಿನೋವಿನವರಿಗೆ ಸಜಾ. ಎರಡು ದಿನ ಬಿಟ್ಟು ಹೋಗಿ. ಬೆಳಿಗ್ಗೆ ತಿಂಡಿ ಮುಗಿಸಿ ಹೊರಡಿ. ನಾಲ್ದೇರಾ ದಾಟಿದ ಮೇಲೆ ಇಳಿಜಾರಿನ ತಿರುವು ಜಾಸ್ತಿ, ವಾಂತಿ ಬರುವವರು ಮುಂದಿನ ಸೀಟಲ್ಲಿ ಕೂರಲಿ. ಕತ್ತಲಾಗುವ ಮುಂಚೆ ಶಿಮ್ಲಾ ಸೇರಿಕೊಳ್ಳಿ, ರಾತ್ರಿ ಆ ರಸ್ತೆಯ ಮೇಲಿನ ತುದಿಯಲ್ಲಿ ನೀರು ಹೆಪ್ಪುಗಟ್ಟುತ್ತದೆ.