ಲಿವರ್ ರೈಫಲ್‌ಗಳಲ್ಲಿ ಯಾವುದು ಮೇಲು? ವಿಂಚೆಸ್ಟರ್ 92, 94, ಮಾರ್ಲಿನ್ 336, ಸ್ಯಾವೇಜ್ 99

ಮುಳ್ಳೇರಿಯದ ತೋಟದವ:

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯಲ್ಲಿ ಅಜ್ಜನ ಕಾಲದ ಒಂದು ಲಿವರ್ ರೈಫಲ್ ಇದೆ, ಹಿಡಿಯ ಕೆಳಗಿನ ಲಿವರ್ ತೆರೆದು ಮುಚ್ಚಿ ಮುಂದಿನ ಗುಂಡು ತುಂಬುವಂಥದ್ದು. ಕೊಡಗಿನ ಕಾಫಿ ತೋಟ ಮಾರಿ ಊರಿಗೆ ಹೊರಟ ಒಬ್ಬ ದೊರೆಯಿಂದ ಅಜ್ಜ ಕೊಂಡದ್ದಂತೆ. ಕುದುರೆಯ (ಗುಂಡು ಹಾರಿಸಲು ಬಡಿಯುವ ಸುತ್ತಿಗೆಯ) ಹಿಂದಿನ ಪಟ್ಟಿಯಲ್ಲಿ ಮಾಡೆಲ್ 1892 ವಿಂಚೆಸ್ಟರ್ ಎಂದು ಕೆತ್ತಿದೆ. ನಳಿಗೆಯ ಬುಡದಲ್ಲಿ 44 ಡಬ್ಲ್ಯು.ಸಿ.ಎಫ್. ಅಂತ ಇದೆ. ಅಪ್ಪ ತೀರಿಕೊಂಡ ಮೇಲೆ ಕಾನೂನು ಪ್ರಕಾರ ಠಾಣೆಯಲ್ಲಿ ಇಟ್ಟಿದ್ದೆವು. ಈಗ ಲೈಸೆನ್ಸ್ ನನ್ನ ಹೆಸರಿಗೆ ಆಗಿ ಕೈಗೆ ಬಂದಿದೆ. ಹಂದಿ ಕಾಟಕ್ಕೆ ಅಂತ ಬೇರೆ 12 ಬೋರಿನ ಒಂಟಿ ನಳಿಗೆ ಕೋವಿ ಇದೆ.

ಮೊನ್ನೆ ಒಂದು ಮದುವೆ ಮನೆಯಲ್ಲಿ ಈ ವಿಷಯ ಬಂತು. ಒಬ್ಬರು 1892 ಬರೀ ಆಟದ ಸಾಮಾನು, ಬೇಟೆಯ ರೈಫಲ್ ಅಂದರೆ 1894 ಅಂದರು. ಇನ್ನೊಬ್ಬರು ಎರಡೂ ಬೇಡ, ಮಾರ್ಲಿನ್ 336 ಗಟ್ಟಿ ಅಂದರು. ಮೂರನೆಯವರು ಸ್ಯಾವೇಜ್ 99 ಹೆಸರು ಹೇಳಿದರು. ನಾನು ಅದನ್ನು ಕಣ್ಣಲ್ಲೂ ನೋಡಿಲ್ಲ. ನನಗೆ ಬೇಟೆ ಆಡುವುದಕ್ಕೆ ಕೇಳುವುದಲ್ಲ. ಅಜ್ಜನ ವಸ್ತು ಏನು, ಅದರ ಯೋಗ್ಯತೆ ಎಷ್ಟು ಅಂತ ಸರಿಯಾಗಿ ತಿಳಿಯಬೇಕು. ಲಿವರ್ ಎಲ್ಲದಕ್ಕೂ ಒಂದೇ ತರ ಕಾಣುತ್ತದೆ, ಹಾಗಾದರೆ ವ್ಯತ್ಯಾಸ ಇರುವುದು ಎಲ್ಲಿ?

ಪೆರ್ಲದ ಕೃಷಿಕ:

ರೈಫಲ್ ವಿಷಯ ತಿಳಿದವರು ಹೇಳಲಿ, ನಾನು ಕಾನೂನಿನ ಕಡೆಯದ್ದು ಎರಡು ಮಾತು ಹೇಳುತ್ತೇನೆ. 1972ರ ವನ್ಯಜೀವಿ ಕಾಯ್ದೆ ಪ್ರಕಾರ ಈಗ ನಮ್ಮಲ್ಲಿ ಬೇಟೆ ಎಂಬುದಿಲ್ಲ. ನಮ್ಮ ಕಾಸರಗೋಡು ಕೇರಳದಲ್ಲಿದೆ, ಹಂದಿಗೆ ಮಾತ್ರ ಕೇರಳ ಸರಕಾರ 2022ರಲ್ಲಿ ಪಂಚಾಯತ್ ಅಧ್ಯಕ್ಷರಿಗೆ ಅಧಿಕಾರ ಕೊಟ್ಟಿದೆ. ಬೆಳೆ ಹಾಳಾದರೆ ಅವರ ಆದೇಶ ಬೇಕು. ಲೈಸೆನ್ಸ್ ಇದ್ದು ಅನುಮತಿ ಪಡೆದವರೇ ಗುಂಡು ಹೊಡೆಯಬೇಕು. ಸತ್ತ ಹಂದಿಯನ್ನು ಹೂಳಬೇಕು, ಮಾಂಸ ಮಾಡುವಂತಿಲ್ಲ. ಅಜ್ಜನ ರೈಫಲ್ ಇದೆ ಅಂತ ಸುಮ್ನೆ ಗುಡ್ಡೆ ಹತ್ತಬೇಡಿ.

ಇನ್ನೊಂದು. ಶಸ್ತ್ರಾಸ್ತ್ರ ಕಾಯ್ದೆಯ 2019ರ ತಿದ್ದುಪಡಿ ಪ್ರಕಾರ ಒಬ್ಬರಿಗೆ ಎರಡೇ ಕೋವಿ. ನಿಮ್ಮಲ್ಲಿ ಈಗಲೇ ಎರಡು ಆಗಿವೆ. ಮೂರನೆಯದರ ಆಸೆ ಬೇಡ. ಕೊಡಗಿನ ಜಮ್ಮಾ (ವಂಶಪಾರಂಪರ್ಯ ಭೂಮಿ) ಹಿಡುವಳಿದಾರರಿಗೆ ಲೈಸೆನ್ಸ್ ಇಲ್ಲದೆ ಕೋವಿ ಇಡಲು ಇರುವ ವಿನಾಯಿತಿಯನ್ನು 2029ರವರೆಗೆ ಮುಂದುವರಿಸಿದ್ದಾರೆ. ಕೋವಿ ಕೊಡಗಿನಿಂದ ಬಂದದ್ದು ಎಂಬ ಕಾರಣಕ್ಕೆ ಅದು ನಮಗೆ ಅನ್ವಯ ಆಗುವುದಿಲ್ಲ. ನಮ್ಮ ಕಡೆ ಕೆಲವರಿಗೆ ಈಗಲೂ ಈ ಗೊಂದಲ ಇದೆ.

ನೀರ್ಚಾಲಿನವ:

ನಾನು ತುಂಬಾ ವರ್ಷ ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿದ್ದು ಈಗ ಊರಿಗೆ ಬಂದು ಅಡಿಕೆ ನೋಡಿಕೊಂಡಿದ್ದೇನೆ. ಅಲ್ಲಿ ಜಿಂಕೆ ಬೇಟೆಗೆ ಸೆಮಿ ಆಟೊಮ್ಯಾಟಿಕ್ ರೈಫಲ್ ಬಳಸುವಂತಿಲ್ಲ. ಹಾಗಾಗಿ ಹಳ್ಳಿ ಮನೆಗಳಲ್ಲಿ ಲಿವರ್ ರೈಫಲ್ ಜಾಸ್ತಿ. ನೀವು ಹೇಳಿದ ನಾಲ್ಕನ್ನೂ ನಾನು ಹೊತ್ತು ನಡೆದಿದ್ದೇನೆ, ನಾಲ್ಕರಲ್ಲೂ ಗುಂಡು ಹಾರಿಸಿದ್ದೇನೆ. ಈ ವಿಷಯ ನನಗೆ ಬಹಳ ಇಷ್ಟ, ಹಾಗಾಗಿ ಉದ್ದ ಆಗುತ್ತದೆ.

ಮೊದಲು ತೋಟೆ (ಮದ್ದು, ಗುಂಡು ಸೇರಿದ ಕಾರ್ಟ್ರಿಜ್) ನೋಡಿ, ರೈಫಲ್ ಆಮೇಲೆ. ಮದುವೆ ಮನೆಯವರು ಬಿಟ್ಟದ್ದು ಇದನ್ನೇ. ನಿಮ್ಮ 44 ಡಬ್ಲ್ಯು.ಸಿ.ಎಫ್. ಅಂದರೆ 44-40. ಅದು 1873ರ ತೋಟೆ, ಕರಿಮದ್ದಿನ ಕಾಲದ್ದು. 40 ಗ್ರೇನ್ (ತೂಕದ ಸಣ್ಣ ಅಳತೆ) ಮದ್ದು, 200 ಗ್ರೇನ್ ಸೀಸದ ಗುಂಡು. ನಳಿಗೆ ಬಿಡುವಾಗ ವೇಗ ಸೆಕೆಂಡಿಗೆ 1200ರಿಂದ 1300 ಅಡಿ. 1894ಕ್ಕೆ ಹೆಸರು ತಂದ 30-30 ಹುಟ್ಟಿದ್ದು 1895ರಲ್ಲಿ, ಹೊಗೆಯಿಲ್ಲದ ಮದ್ದಿನ ಜೊತೆ. 170 ಗ್ರೇನ್ ಗುಂಡು ಸುಮಾರು 2200 ಅಡಿ ವೇಗದಲ್ಲಿ ಹೋಗುತ್ತದೆ. ಎರಡರ ನಡುವೆ ಇರುವುದು ಮದ್ದಿನ ಒಂದು ಯುಗದ ಅಂತರ. ಎರಡೂ ರೈಫಲ್‌ಗಳನ್ನು ವಿನ್ಯಾಸ ಮಾಡಿದ ಕೈ ಮಾತ್ರ ಒಂದೇ, ಜಾನ್ ಬ್ರೌನಿಂಗ್ ಅವರದ್ದು.

1892 ಅನ್ನು ಆಟದ ಸಾಮಾನು ಅನ್ನುವುದು ನನಗೆ ಸರಿ ಕಾಣುವುದಿಲ್ಲ. ಬ್ರೌನಿಂಗ್ 1886ರಲ್ಲಿ 45-70ರಂಥ ದೊಡ್ಡ ತೋಟೆಗೆ ಒಂದು ರೈಫಲ್ ಮಾಡಿದ್ದರು. ತೋಟೆಯನ್ನು ಹಿಂದಿನಿಂದ ಮುಚ್ಚುವ ಬೋಲ್ಟಿನ ಎರಡು ಪಕ್ಕದಲ್ಲಿ ಎರಡು ಉಕ್ಕಿನ ಪಟ್ಟಿ ಮೇಲೆದ್ದು ಅದನ್ನು ಬಿಗಿಯಾಗಿ ಹಿಡಿಯುತ್ತವೆ. ಅದನ್ನೇ ಸಣ್ಣ ತೋಟೆಗೆ ತಕ್ಕ ಹಾಗೆ ಕಿರಿದು ಮಾಡಿದ್ದು 92. ಅದಕ್ಕೂ ಹಿಂದಿನ 1873 ಕೂಡ ಇದೇ ತೋಟೆಯನ್ನು ಹೊಡೆಯುತ್ತದೆ, ಆದರೆ ಅದರ ಒಳಗಿನ ಮಡಚುವ ಕೀಲಿಗೆ ಅಷ್ಟು ಶಕ್ತಿ ಇಲ್ಲ. ಒಂದು ಕಾಲದಲ್ಲಿ ಜೋರು ಮದ್ದಿನ 44-40 ತೋಟೆಗಳನ್ನು 92ಕ್ಕೆ ಮಾತ್ರ, 73ಕ್ಕೆ ಬೇಡ ಎಂದು ಪೆಟ್ಟಿಗೆಯ ಮೇಲೆ ಬರೆದೇ ಮಾರುತ್ತಿದ್ದರು. 92ರ ಲಿವರ್ ಸ್ವಲ್ಪವೇ ತೆರೆದರೆ ಸಾಕು, ಕೆಲಸ ಮುಗಿಯುತ್ತದೆ. ಇಷ್ಟು ನಯವಾಗಿ ನಡೆಯುವ ಲಿವರ್ ನಾನು ಬೇರೆ ಯಾವುದರಲ್ಲೂ ಕಂಡಿಲ್ಲ. ನಮ್ಮ ಕಡೆಯ ಬಲ್ಲೆಗಳ (ಪೊದೆಗಳ) ನಡುವೆ ಐವತ್ತು ಮೀಟರಿನ ಒಳಗೆ ಹಂದಿಗೆ ಅದು ಸಾಲುತ್ತಿತ್ತು. ನೂರು ಮೀಟರ್ ದಾಟಿದರೆ ಗುಂಡು ಬಹಳ ಕೆಳಗೆ ಬೀಳುತ್ತದೆ. ಅಲ್ಲಿಗೆ ಅದರ ಕೆಲಸ ಮುಗಿಯಿತು.

30-30ರಂಥ ಉದ್ದದ ತೋಟೆ 92ರ ಒಳಗೆ ಹಿಡಿಸುವುದಿಲ್ಲ. ಹಾಗಾಗಿ 94ರಲ್ಲಿ ಬ್ರೌನಿಂಗ್ ಬೇರೆ ದಾರಿ ಹಿಡಿದರು. ಲಿವರ್ ತೆರೆದಾಗ ರಿಸೀವರಿನ (ಬೋಲ್ಟ್ ಇರುವ ನಡುಭಾಗದ) ತಳವೇ ಕೆಳಗೆ ಇಳಿದು ಜಾಗ ಮಾಡಿಕೊಡುತ್ತದೆ. ಸಾವಿರಗಟ್ಟಲೆ ಮೈಲು ಕುದುರೆಯ ಜೀನಿನಲ್ಲಿ ಓಡಾಡಿದ್ದು ಇದೇ ರೈಫಲ್. ತೊಂದರೆ ಒಂದೇ. ಹೊಡೆದ ಖಾಲಿ ತೋಟೆ ನೆತ್ತಿಯಿಂದ ಮೇಲಕ್ಕೆ ಹಾರುತ್ತದೆ. ಗುರಿ ನೋಡುವ ಟೆಲಿಸ್ಕೋಪ್ ಕೂರಿಸಲು ಜಾಗ ಇಲ್ಲ. 1980ರ ದಶಕದಲ್ಲಿ ಅದನ್ನು ಓರೆಯಾಗಿ ಹಾರುವ ಹಾಗೆ ಬದಲಾಯಿಸಿದರು.

ಮಾರ್ಲಿನ್ 336 ಬಂದದ್ದು 1948ರಲ್ಲಿ. ನೆತ್ತಿ ಪೂರ್ತಿ ಮುಚ್ಚಿದೆ, ಖಾಲಿ ತೋಟೆ ಬಲಗಡೆಗೆ ಹಾರುತ್ತದೆ. ಮಳೆನೀರು, ಕಸ ಒಳಗೆ ಬೀಳುವುದು ಕಡಿಮೆ. ಅದಕ್ಕಿಂತ ದೊಡ್ಡ ಗುಣ ಒಂದಿದೆ, ಅದನ್ನು ಮದುವೆ ಮನೆಯಲ್ಲಿ ಯಾರೂ ಹೇಳಿರಲಿಕ್ಕಿಲ್ಲ. ಲಿವರಿನ ಒಂದು ತಿರುಪು ಬಿಚ್ಚಿದರೆ ಲಿವರ್ ಕೈಗೆ ಬರುತ್ತದೆ, ಬೋಲ್ಟ್ ಹಿಂದಕ್ಕೆ ಜಾರಿ ಹೊರಗೆ ಬರುತ್ತದೆ. ಆಮೇಲೆ ನಳಿಗೆಯನ್ನು ಹಿಂದಿನಿಂದ ತಿಕ್ಕಬಹುದು. 92, 94ರಲ್ಲಿ ಹಾಗಲ್ಲ, ಪೂರ್ತಿ ಬಿಚ್ಚದೆ ಹೋದರೆ ಬಾಯಿಯ ಕಡೆಯಿಂದಲೇ ಕೋಲು ಹಾಕಬೇಕು. ಬಾಯಿಯ ಅಂಚು ಸವೆದರೆ ಗುರಿ ಕೆಡುತ್ತದೆ. ಜೂನ್ ಬಂತೆಂದರೆ ಬಾಗಿಲ ಚಿಲಕಕ್ಕೂ ತುಕ್ಕು ಹಿಡಿಯುವ ನಮ್ಮ ಊರಲ್ಲಿ ಇದು ಸಣ್ಣ ಮಾತಲ್ಲ.

ಇನ್ನು ಸ್ಯಾವೇಜ್ 99. ಇದು ನನ್ನ ರೈಫಲ್. ಊರಿಗೆ ಬರುವಾಗ ಪಕ್ಕದ ಮನೆಯವರಿಗೆ ಕೊಟ್ಟು ಬಂದೆ, ಆ ಬೇಸರ ಈಗಲೂ ಇದೆ. ಜಮೈಕಾದಲ್ಲಿ ಹುಟ್ಟಿದ ಆರ್ಥರ್ ಸ್ಯಾವೇಜ್ ಅದನ್ನು 1899ರಲ್ಲಿ ತಂದರು. ಉಳಿದ ಮೂರರಲ್ಲೂ ನಳಿಗೆಯ ಕೆಳಗಿನ ಕೊಳವೆಯಲ್ಲಿ ತೋಟೆಗಳು ಒಂದರ ಹಿಂದೆ ಒಂದು ಸಾಲಾಗಿ ಇರುತ್ತವೆ. ಹಿಂದಿನ ಗುಂಡಿನ ಮೂತಿ ಮುಂದಿನ ತೋಟೆಯ ಬುಡದಲ್ಲಿ ಕಿಡಿ ಹೊತ್ತಿಸುವ ಪ್ರೈಮರಿಗೆ ತಾಗಿರುತ್ತದೆ. ಮೂತಿ ಚೂಪಾಗಿದ್ದರೆ ರೈಫಲ್ ಒದೆಯುವಾಗ ಕೊಳವೆಯೊಳಗೇ ತೋಟೆ ಸಿಡಿಯಬಹುದು. ಹಾಗಾಗಿ ಸಾಮಾನ್ಯವಾಗಿ ಚಪ್ಪಟೆ ಮೂತಿಯ ಗುಂಡೇ ಹಾಕುತ್ತಾರೆ. ಅದು ಗಾಳಿಯಲ್ಲಿ ಬೇಗ ವೇಗ ಕಳೆದುಕೊಳ್ಳುತ್ತದೆ. ಲಿವರ್ ರೈಫಲ್ ದೂರಕ್ಕೆ ಆಗುವುದಿಲ್ಲ ಎಂಬ ಮಾತು ಬಂದದ್ದು ಇದರಿಂದ. ಅದರಲ್ಲಿ ಲಿವರಿನ ತಪ್ಪೇನೂ ಇಲ್ಲ, ಕೊಳವೆಯದ್ದು.

ಸ್ಯಾವೇಜ್ ಆ ಕೊಳವೆಯನ್ನೇ ತೆಗೆದು ಹಾಕಿದರು. ರಿಸೀವರಿನ ಒಳಗೆ ತಿರುಗುವ ಹಿತ್ತಾಳೆಯ ಉರುಳೆ ಇಟ್ಟರು. ಪ್ರತಿ ತೋಟೆಗೂ ಅದರಲ್ಲಿ ಬೇರೆ ಬೇರೆ ತಾವು. ಚೂಪು ಗುಂಡು ಹಾಕಬಹುದು. ರಿಸೀವರಿನ ಪಕ್ಕದ ಸಣ್ಣ ಕಿಂಡಿಯಲ್ಲಿ ಎಷ್ಟು ತೋಟೆ ಉಳಿದಿದೆ ಅಂತ ಅಂಕೆ ಕಾಣುತ್ತದೆ. ತೋಟೆ ಖಾಲಿಯಾದ ಹಾಗೆ ಮುಂಭಾಗ ಹಗುರ ಆಗುವ ತೊಂದರೆಯೂ ಇಲ್ಲ. 1915ರಲ್ಲಿ 250-3000 ಎಂಬ ತೋಟೆ ಬಂತು, 87 ಗ್ರೇನ್ ಗುಂಡು, 3000 ಅಡಿ ವೇಗ. 1920ರಲ್ಲಿ 300 ಸ್ಯಾವೇಜ್ ಬಂತು. ಮುಂದೆ ಅಮೆರಿಕದ ಸೈನ್ಯ ಹೊಸ ತೋಟೆ ಹುಡುಕುವಾಗ ಕೆಲಸ ಶುರು ಮಾಡಿದ್ದು ಇದರಿಂದಲೇ, ಕೊನೆಗೆ ಬಂದದ್ದು ಇಂದಿನ 308ರ ಅಳತೆ. 1899ರ ಒಂದು ಬೇಟೆ ರೈಫಲ್ ಇದಕ್ಕೆಲ್ಲ ತಯಾರಾಗಿತ್ತು ಅಂದರೆ ಆ ಮನುಷ್ಯನ ದೂರದೃಷ್ಟಿಗೆ ನಾನು ಕೈ ಮುಗಿಯುತ್ತೇನೆ. ಬೇಟೆಯ ಯಂತ್ರ ಅಂತ ನೋಡಿದರೆ ನನ್ನ ಲೆಕ್ಕದಲ್ಲಿ 99 ಮೊದಲು. ಆಮೇಲೆ 336.

ಹೊಸೂರಿನಿಂದ ಒಬ್ಬ:

ನೀರ್ಚಾಲಿನವರ ಬರಹ ಓದಿ ಖುಷಿ ಆಯಿತು. ಆದರೆ 94 ಅನ್ನು ಮೂರನೇ ಸ್ಥಾನಕ್ಕೆ ಇಳಿಸಿದ್ದು ಒಪ್ಪುವುದಿಲ್ಲ. ನಮ್ಮ ಮಾವನ ಹತ್ತಿರ ಲೈಸೆನ್ಸಿನ 94 ಇದೆ, ಎಣ್ಣೆ ಹಾಕುವುದು ನನ್ನ ಕೆಲಸ. ಅದರ ತೂಕ ಮೂರು ಕಿಲೋ ಆಸುಪಾಸು. ರಿಸೀವರ್ ತೆಳ್ಳಗೆ, ಪಕ್ಕ ಚಪ್ಪಟೆ. ಕೈ ಹಿಡಿಯುವ ಜಾಗದಲ್ಲೇ ತೂಕ ಸಮ ಆಗುತ್ತದೆ. ಇಡೀ ದಿನ ಒಂದೇ ಕೈಯಲ್ಲಿ ಹಿಡಿದು ನಡೆಯಬಹುದು. ಇದಕ್ಕೆ ಟೆಲಿಸ್ಕೋಪ್ ಯಾಕೆ ಬೇಕು? ಕಾಡಿನಲ್ಲಿ ಪ್ರಾಣಿ ಕಾಣುವುದೇ ಹತ್ತಿರದಲ್ಲಿ, ಅಲ್ವಾ?

ಕುದುರೆ ಹೊರಗಿರುವುದೂ ದೊಡ್ಡ ಗುಣ. ಕತ್ತಲಲ್ಲಿ ಹೆಬ್ಬೆರಳು ಇಟ್ಟರೆ ಎದ್ದಿದೆಯಾ, ಅರ್ಧದಲ್ಲಿ ನಿಂತಿದೆಯಾ, ಮಲಗಿದೆಯಾ ಗೊತ್ತಾಗುತ್ತದೆ. 99ರಲ್ಲಿ ಅದೆಲ್ಲ ಒಳಗೆ ಅಡಗಿದೆ. ಎಪ್ಪತ್ತು ಲಕ್ಷಕ್ಕಿಂತ ಜಾಸ್ತಿ 94 ತಯಾರಾದವು. ಜನ ಸುಮ್ನೆ ಕೊಂಡದ್ದಲ್ಲ. ಒಂದು ಎಚ್ಚರಿಕೆ ಮಾತ್ರ ಹೇಳಬೇಕು. 1964ರಲ್ಲಿ ಖರ್ಚು ಉಳಿಸಲು ಒಳಗಿನ ಕೆಲವು ಭಾಗ ತಗಡಿನಿಂದ ಒತ್ತಿ ಮಾಡಿದರು. ಅದಕ್ಕೂ ಮೊದಲಿನವಕ್ಕೆ ಬೆಲೆ ಜಾಸ್ತಿ, ಅದು ನ್ಯಾಯವೇ.

ನೀರ್ಚಾಲಿನವ:

ಹೊತ್ತು ನಡೆಯುವ ಸುಖದಲ್ಲಿ 94ಕ್ಕೆ ಸಾಟಿ ಇಲ್ಲ, ಅದು ನಿಜ. ಮಾವನವರದ್ದನ್ನು ಚೆನ್ನಾಗಿ ನೋಡಿಕೊಳ್ಳಿ. ಕುದುರೆ ವಿಷಯದಲ್ಲಿ ಮಾತ್ರ ಒಂದು ಮಾತು. 99ರ ನೆತ್ತಿಯಲ್ಲೂ ಒಂದು ಸಣ್ಣ ಗುರುತು ಇರುತ್ತದೆ. ರೈಫಲ್ ಹೊಡೆಯಲು ತಯಾರಾಗಿದ್ದರೆ ಅದು ಎದ್ದು ನಿಲ್ಲುತ್ತದೆ, ಬೆರಳಿಗೆ ಸಿಗುತ್ತದೆ. ಚಳಿಯಲ್ಲಿ ದಪ್ಪ ಕೈಗವಸು ಹಾಕಿಕೊಂಡು 94ರ ಕುದುರೆಯನ್ನು ನಿಧಾನ ಇಳಿಸುವಾಗ ನನಗೆ ಯಾವಾಗಲೂ ಭಯ. ಹೆಬ್ಬೆರಳು ಜಾರಿದರೆ ಗುಂಡು ಹೋಗುತ್ತದೆ. ಹೊಸೂರಿನ ಹವೆಗೆ ಆ ಚಿಂತೆ ಇಲ್ಲ.

ಬ್ರೌನಿಂಗ್ ಅವರೂ ಕೊಳವೆ ಬಿಟ್ಟು ಒಂದು ಮಾಡಿದ್ದರು, 1895. ತೋಟೆಗಳು ಒಂದರ ಮೇಲೊಂದು ನಿಲ್ಲುವ ಪೆಟ್ಟಿಗೆ ಮ್ಯಾಗಜಿನ್. 1909ರಲ್ಲಿ ಥಿಯೋಡರ್ ರೂಸ್‌ವೆಲ್ಟ್ ಆಫ್ರಿಕಕ್ಕೆ ಒಯ್ದದ್ದು 405 ತೋಟೆಯ 1895. ನಾನು ಅದನ್ನು ಹೊಡೆದಿಲ್ಲ, ಹಾಗಾಗಿ ನನ್ನ ಸಾಲಿನಲ್ಲಿ ಸೇರಿಸಿಲ್ಲ.

ಮುಳ್ಳೇರಿಯದ ತೋಟದವ:

ಇಷ್ಟು ವಿವರ ನಿರೀಕ್ಷೆ ಮಾಡಿರಲಿಲ್ಲ, ಎಲ್ಲರಿಗೂ ಧನ್ಯವಾದ. ಈಗಷ್ಟೇ ಲಿವರ್ ತೆರೆದು ನೋಡಿದೆ, ತಳ ಕೆಳಗೆ ಇಳಿಯುವುದಿಲ್ಲ. ನೀವು ಹೇಳಿದ ಎರಡು ಪಟ್ಟಿಗಳೂ ಕಾಣುತ್ತವೆ. ಅಜ್ಜನ ಚರ್ಮದ ಚೀಲದಲ್ಲಿ ಕೆಲವು ತೋಟೆಗಳೂ ಇವೆ, ಮೈಯೆಲ್ಲ ಹಸಿರು ಹಿಡಿದಿದೆ. ಒಂದು ಹೊಡೆದು ನೋಡಬಹುದಾ?

ನೀರ್ಚಾಲಿನವ:

ಖಂಡಿತ ಬೇಡ. ಚರ್ಮದಲ್ಲಿಟ್ಟ ಹಿತ್ತಾಳೆ ಹೀಗೇ ಹಸಿರಾಗುತ್ತದೆ, ಒಳಗೆ ಎಷ್ಟು ತಿಂದಿದೆ ಅಂತ ಹೊರಗಿನಿಂದ ಹೇಳಲಾಗದು. ಹೊಡೆದಾಗ ಹರಿದರೆ ಬಿಸಿ ಗಾಳಿ ಹಿಂದಕ್ಕೆ, ನಿಮ್ಮ ಮುಖಕ್ಕೆ ಬರುತ್ತದೆ. ಲೈಸೆನ್ಸ್ ಇರುವ ಕೋವಿ ಅಂಗಡಿಯವರಿಗೆ ಒಪ್ಪಿಸಿ, ರಸೀದಿ ತೆಗೆದುಕೊಳ್ಳಿ. ರೈಫಲನ್ನೂ ಆ ಚೀಲದಲ್ಲಿ ಇಡಬೇಡಿ. ತೆಳ್ಳಗೆ ಎಣ್ಣೆ ಸವರಿ, ಮಳೆಗಾಲದಲ್ಲಿ ವಾರಕ್ಕೊಮ್ಮೆ ತೆಗೆದು ಒರೆಸಿ, ಬೀಗದ ಕಪಾಟಿನಲ್ಲಿಡಿ. ಬಾಯಿಯ ಕಡೆಯಿಂದ ಕೋಲು ಹಾಕುವಾಗ ಅಂಚಿಗೆ ತಾಗದ ಹಾಗೆ ಒಂದು ಹಿತ್ತಾಳೆ ಬಳೆ ಸಿಕ್ಕಿಸಿಕೊಳ್ಳಿ.

ಮತ್ತೆ, ರಿಸೀವರಿನ ತಳದಲ್ಲಿ, ಮುಂಭಾಗಕ್ಕೆ ಒಂದು ಸಂಖ್ಯೆ ಇರುತ್ತದೆ. ಅದು ಲೈಸೆನ್ಸ್ ಪುಸ್ತಕದ ಸಂಖ್ಯೆಗೆ ಸರಿಯಾಗಿ ಹೊಂದುತ್ತದಾ ನೋಡಿ. ಹಳೆಯ ಪುಸ್ತಕದಿಂದ ಹೊಸದಕ್ಕೆ ನಕಲು ಮಾಡುವಾಗ ಅಂಕೆ ತಪ್ಪುವುದು ಉಂಟು. ತಪ್ಪಿದ್ದರೆ ಮುಂದಿನ ಚುನಾವಣೆಗೆ ಕೋವಿ ಠಾಣೆಯಲ್ಲಿಡುವ ಮೊದಲೇ ಸರಿ ಮಾಡಿಸಿ. ವಯಸ್ಸು ಎಷ್ಟು ಅಂತ ತಿಳಿಯಲೂ ಅದೇ ಸಂಖ್ಯೆ ಬೇಕು. ಅಮೆರಿಕದ ವಯೋಮಿಂಗ್ ರಾಜ್ಯದ ಕೋಡಿ ಊರಿನ ಸಂಗ್ರಹಾಲಯದಲ್ಲಿ ವಿಂಚೆಸ್ಟರಿನ ಹಳೆಯ ಲೆಡ್ಜರುಗಳಿವೆ, ಶುಲ್ಕ ಕಟ್ಟಿ ಬರೆದರೆ ಅದರಲ್ಲಿ ಇರುವುದನ್ನು ನೋಡಿ ತಿಳಿಸುತ್ತಾರೆ.