ಮೂರು ಹೊತ್ತೂ ರಾಗಿ ಉಂಡರೂ ಹಿಮೋಗ್ಲೋಬಿನ್ ಏರದಿರುವುದೇಕೆ?

ಪ್ರಶ್ನೆ, ಶ್ರೀನಿವಾಸಪುರದಿಂದ:
ನಮ್ಮ ಅತ್ತೆಯವರಿಗೆ 46 ವರ್ಷ. ಬೆಳಿಗ್ಗೆ ಅಂಬಲಿ, ಎರಡು ಹೊತ್ತು ಮುದ್ದೆ, ಊಟ ಮುಗಿಯುತ್ತಿದ್ದಂತೆ ಒಂದು ಲೋಟ ಟೀ. ಕಳೆದ ವಾರದ ಪರೀಕ್ಷೆಯಲ್ಲಿ ಹಿಮೋಗ್ಲೋಬಿನ್ 9.8 ಎಂದು ಬಂದಿದ್ದು, ವೈದ್ಯರು ಕಬ್ಬಿಣಾಂಶದ ಮಾತ್ರೆ ಬರೆದುಕೊಟ್ಟಿದ್ದಾರೆ. ‘ಹಿಟ್ಟಂ ತಿಂದಂ ಬೆಟ್ಟಂ ಕಿತ್ತಿಟ್ಟಂ’ ಎಂಬ ಮಾತನ್ನು ನಂಬಿದ ಅವರಿಗೆ ಇದು ಅರ್ಥವಾಗುತ್ತಿಲ್ಲ. ಮಂಡಿನೋವೂ ಇದೆ. ಆಹಾರದಲ್ಲಿ ಏನು ಬದಲಿಸಬೇಕು?

ಉತ್ತರ, ಚಿಂತಾಮಣಿಯಿಂದ:
ರಾಗಿಯ ಹೆಚ್ಚುಗಾರಿಕೆ ಇರುವುದು ಸುಣ್ಣದಂಶದಲ್ಲಿ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ, ಅಂದರೆ ಅಷ್ಟೇ ತೂಕದ ಹಾಲಿನ ಸುಮಾರು ಮೂರರಷ್ಟು. ಕಬ್ಬಿಣ ಮಾತ್ರ 4ರಿಂದ 5 ಮಿಲಿಗ್ರಾಂ. ಮುಟ್ಟು ನಿಲ್ಲದ ಹೆಂಗಸರಿಗೆ ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) 2020ರಲ್ಲಿ ಸೂಚಿಸಿದ ಪ್ರಮಾಣ ದಿನಕ್ಕೆ 29 ಮಿಲಿಗ್ರಾಂ. ಇರುವ ಅಷ್ಟನ್ನೂ ರಾಗಿಯಲ್ಲಿನ ಫೈಟೇಟ್ (ಕಾಳುಗಳಲ್ಲಿ ಸಹಜವಾಗಿರುವ ಒಂದು ವಸ್ತು) ಮತ್ತು ಒಗರಿನ ಅಂಶಗಳು ಹಿಡಿದಿಟ್ಟುಕೊಳ್ಳುವುದರಿಂದ ದೇಹಕ್ಕೆ ದಕ್ಕುವುದು ಅಲ್ಪ. ಅದರ ಮೇಲೆ ಟೀ ಕುಡಿದರೆ ಅದರ ಒಗರೂ ಸೇರಿಕೊಳ್ಳುತ್ತದೆ. ಆದ್ದರಿಂದ ಮೊದಲು ಟೀಯನ್ನು ಊಟದಿಂದ ಒಂದೆರಡು ಗಂಟೆ ದೂರವಿಡಿ.

ಮುದ್ದೆಯನ್ನು ಬಿಡಿಸಬೇಕಿಲ್ಲ, ಅದರ ಜೊತೆಗಾರರನ್ನು ನೋಡಿಕೊಳ್ಳಿ. ಹುರುಳಿಕಾಳನ್ನು ಮೊಳಕೆ ಕಟ್ಟಿ, ದಂಟಿನ ಸೊಪ್ಪಿನೊಂದಿಗೆ ಬಸ್ಸಾರು ಮಾಡಿದರೆ, ಬೆಂದ ನೀರಿಗೆ ಇಳಿದ ಲವಣಗಳೂ ಸಾರಿನಲ್ಲೇ ಉಳಿಯುತ್ತವೆ. (ಸೊಪ್ಪು ಬೇಯಿಸಿ ನೀರು ಚೆಲ್ಲುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ.) ನಿಂಬೆಹುಳಿಯನ್ನು ಒಲೆಯ ಮೇಲೆ ಹಿಂಡದೆ ತಟ್ಟೆಯಲ್ಲೇ ಹಿಂಡಿಕೊಳ್ಳಲಿ, ಸಿ ಜೀವಸತ್ವವು ಕಾಳು, ಸೊಪ್ಪಿನ ಕಬ್ಬಿಣವನ್ನು ರಕ್ತಕ್ಕೆ ಸೇರಿಸಲು ನೆರವಾಗುತ್ತದೆ, ಆದರೆ ಬಿಸಿಗೆ ಕೆಡುತ್ತದೆ. ಮಾಂಸ ತಿನ್ನುವವರಾದರೆ ವಾರಕ್ಕೊಮ್ಮೆ ಈಲಿ ಕೊಡಬಹುದು. ಮಾತ್ರೆಯನ್ನು ನಿಲ್ಲಿಸಬೇಡಿ, ಕ್ಯಾಲ್ಸಿಯಂ ಮಾತ್ರೆಯೂ ಇದ್ದರೆ ಎರಡನ್ನೂ ಒಟ್ಟಿಗೆ ನುಂಗಿಸಬೇಡಿ. ರಕ್ತ ಕಡಿಮೆಯಾಗಲು ಅಧಿಕ ಮುಟ್ಟಿನಂಥ ಬೇರೆ ಕಾರಣವಿದೆಯೇ ಎಂದೂ ವೈದ್ಯರನ್ನು ಕೇಳಿ.

ಉತ್ತರ, ಪಾವಗಡದಿಂದ:
ಮಂಡಿನೋವೆಂದರೆ ಕ್ಯಾಲ್ಸಿಯಂ ಕೊರತೆಯೆಂದೇ ತಿಳಿಯಬೇಡಿ. ಫ್ಲೋರೈಡ್ ಹೆಚ್ಚಿರುವ ನೀರನ್ನು ವರ್ಷಗಟ್ಟಲೆ ಕುಡಿದರೂ ಕೀಲುನೋವು ಬರಬಹುದು. ನಮ್ಮ ತಾಲ್ಲೂಕಿನಂತೆ ನಿಮ್ಮ ಕೋಲಾರ ಜಿಲ್ಲೆಯ ಆಳದ ಬೋರ್‌ವೆಲ್‌ಗಳಲ್ಲೂ ಫ್ಲೋರೈಡ್ ಹೆಚ್ಚಿರುವ ಊರುಗಳಿವೆ. ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ ಎಂಬುದು ಕುಡಿಯುವ ನೀರಿನ ಮಾನದಂಡ. ಕಾಯಿಸಿದರೆ ನೀರು ಆವಿಯಾಗುತ್ತದೆಯೇ ಹೊರತು ಫ್ಲೋರೈಡ್ ಹೋಗುವುದಿಲ್ಲ, ಉಳಿದ ನೀರಿನಲ್ಲಿ ಇನ್ನಷ್ಟು ಗಟ್ಟಿಯಾಗುತ್ತದೆ. ನೀರನ್ನು ಒಮ್ಮೆ ಪರೀಕ್ಷೆ ಮಾಡಿಸಿ. ನಮ್ಮ ಮನೆಯಲ್ಲಿ ಚಾವಣಿಯ ಮಳೆನೀರನ್ನು ಅಡುಗೆಗೆ ಹಿಡಿಯುತ್ತೇವೆ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಧನ್ಯವಾದಗಳು. ಮಾತ್ರೆಯನ್ನೂ ಅವರು ಟೀಯಲ್ಲೇ ನುಂಗುತ್ತಿದ್ದರೆಂದು ಈಗ ಕೇಳಿದಾಗ ತಿಳಿಯಿತು. ನಾಳೆಯಿಂದ ಬರಿಯ ನೀರಿನಲ್ಲಿ. ಬೋರ್‌ವೆಲ್ ನೀರನ್ನೂ ಬಾಟಲಿಯಲ್ಲಿ ತುಂಬಿಟ್ಟಿದ್ದೇನೆ.